‘ಒಂದು ರಾಷ್ಟ್ರ, ಒಂದು ಚಂದಾ’: ಶಾಂತಿಪಾಲನೆಯ ಸಂಶೋಧನೆ ದಾವಣಗೆರೆಯ ಓದುಗನಿಗೆ ದಕ್ಕುತ್ತದೆಯೇ?

ಸಂಶೋಧನಾ ಜರ್ನಲ್‌ಗಳನ್ನು ಸರ್ಕಾರಿ ಸಂಸ್ಥೆಗಳ ಓದುಗರಿಗೆ ಉಚಿತವಾಗಿ ತೆರೆದಿಡುವ ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಸೇವೆಯ ಬಗ್ಗೆ ಬಂದಿರುವ ವಿಮರ್ಶೆಗಳಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ವಿಷಯಗಳದೇ ಮೇಲುಗೈ. ನಾನು ಅದನ್ನು ಪರೀಕ್ಷಿಸಿದ್ದು ರಾಜ್ಯಶಾಸ್ತ್ರದ ಒಂದು ಮೂಲೆಯಿಂದ, ಅಂದರೆ ವಿಶ್ವಸಂಸ್ಥೆಯ ಶಾಂತಿಪಾಲನೆ ಮತ್ತು ಯುದ್ಧಾನಂತರದ ಶಾಂತಿ ನಿರ್ಮಾಣದ ಕುರಿತ ಈಚಿನ ಸಂಶೋಧನೆಯಿಂದ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವವರಿಗೂ, ಊರಿನ ಓದುವ ಕೊಠಡಿಗಳಲ್ಲಿ ಐಎಎಸ್, ಕೆಎಎಸ್ ಪರೀಕ್ಷೆಗೆ ಕೂತವರಿಗೂ ಈ ವಿಷಯ ಬೇಕೇ ಬೇಕು. ಆದರೆ ಅವರ ಕೈಗೆ ಸಿಗುವ ಗೈಡುಗಳು 1948ರಲ್ಲಿ ಮೊದಲ ಕಾರ್ಯಾಚರಣೆ ಆರಂಭವಾಯಿತು ಎಂಬಲ್ಲಿ ತೊಡಗಿ ಭಾರತದ ಕೊಡುಗೆಯ ಸಂಖ್ಯೆಗಳಲ್ಲಿ ಮುಗಿದುಬಿಡುತ್ತವೆ.

ಸೇವೆಯ ವಿವರ ಇಷ್ಟು: 2024ರ ನವೆಂಬರ್‌ನಲ್ಲಿ ಸಚಿವ ಸಂಪುಟ ಒಪ್ಪಿದ ಈ ಯೋಜನೆಗೆ 2025ರಿಂದ 2027ರವರೆಗಿನ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ನಿಗದಿಯಾಗಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ತೆರೆದಿದ್ದು, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜಾಲದಲ್ಲಿ ಜೋಡಿಸುವ ಯುಜಿಸಿ ಕೇಂದ್ರವಾದ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅದನ್ನು ನಿರ್ವಹಿಸುತ್ತದೆ.

ಇದರಿಂದ ಆಗುವ ಲಾಭ ಲೇಖನವೊಂದನ್ನು ಪೂರ್ತಿ ಓದಿದಾಗಲೇ ತಿಳಿಯುವುದು. ಲೀಸಾ ಹಲ್ಟ್‌ಮನ್, ಜೇಕಬ್ ಕ್ಯಾಥ್‌ಮನ್ ಮತ್ತು ಮೇಗನ್ ಶಾನನ್ 2013ರಲ್ಲಿ ಆಫ್ರಿಕಾದ ಅಂತರ್ಯುದ್ಧಗಳನ್ನು ಅಧ್ಯಯನ ಮಾಡಿ, ವಿಶ್ವಸಂಸ್ಥೆ ಹೆಚ್ಚು ಸೈನಿಕರನ್ನೂ ಪೊಲೀಸರನ್ನೂ ಕಳುಹಿಸಿದಷ್ಟೂ ನಾಗರಿಕರ ಹತ್ಯೆ ಕಡಿಮೆಯಾಗುತ್ತದೆ ಎಂದು ತೋರಿಸಿದರು. ಸಾರಾಂಶ ಮಾತ್ರ ಓದಿದವನಿಗೆ ಇಷ್ಟೇ ಉಳಿಯುತ್ತದೆ. ಬರಿಯ ವೀಕ್ಷಕರನ್ನು ಕಳುಹಿಸಿದರೆ ಅಂಥ ರಕ್ಷಣೆ ಕಾಣಲಿಲ್ಲ ಎಂಬ ಭಾಗದ ತೂಕ ತಿಳಿಯಬೇಕಾದರೆ ಒಳಗಿನ ಕೋಷ್ಟಕಗಳನ್ನು ನೋಡಲೇಬೇಕು. ಹಾನ್ನೆ ಫ್ಯೆಲ್ಡೆ, ಹಲ್ಟ್‌ಮನ್ ಮತ್ತು ಡಿಸೈರೆ ನಿಲ್ಸನ್ 2019ರಲ್ಲಿ ಇನ್ನೂ ಸೂಕ್ಷ್ಮವಾದ ಮಾತನ್ನು ಮುಂದಿಟ್ಟರು: ಪಡೆಗಳು ಬೀಡುಬಿಟ್ಟ ಸ್ಥಳಗಳಲ್ಲಿ ಬಂಡುಕೋರರಿಂದ ಜನರಿಗೆ ರಕ್ಷಣೆ ಸಿಗುತ್ತದೆ, ಸರ್ಕಾರಿ ಪಡೆಗಳೇ ಜನರ ಮೇಲೆ ಬಿದ್ದಾಗ ಅಷ್ಟು ಸಿಗುವುದಿಲ್ಲ. ಆತಿಥೇಯ ಸರ್ಕಾರದ ಒಪ್ಪಿಗೆಯ ಮೇಲೆಯೇ ನಿಂತಿರುವ ವ್ಯವಸ್ಥೆಗೆ ಇದಕ್ಕಿಂತ ಕಠಿಣವಾದ ಪ್ರಶ್ನೆ ಇರಲಾರದು. ಮಾಲಿ ದೇಶದ ಸರ್ಕಾರ ಕೇಳಿದ ಮೇಲೆ 2023ರ ಜೂನ್‌ನಲ್ಲಿ ಭದ್ರತಾ ಮಂಡಳಿ ಅಲ್ಲಿನ ಕಾರ್ಯಾಚರಣೆಯನ್ನೇ ಮುಗಿಸಿತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಇಂಥ ಎರಡು ಲೇಖನಗಳನ್ನು ಒಂದೇ ಸಂಜೆ, ದುಡ್ಡು ಕೊಡದೆ, ಅಕ್ಕಪಕ್ಕ ತೆರೆದಿಟ್ಟು ಹೋಲಿಸುವ ಅನುಕೂಲ ನಮ್ಮ ಜಿಲ್ಲೆಯ ವಿದ್ಯಾರ್ಥಿಗೆ ಹಿಂದೆ ಇರಲಿಲ್ಲ. ಈ ಒಂದು ಕಾರಣಕ್ಕೇ ನಾನು ಸೇವೆಗೆ ಮನಃಪೂರ್ವಕವಾಗಿ ಒಳ್ಳೆಯ ಅಂಕ ಕೊಡುತ್ತೇನೆ.

ಭಾರತದ ಓದುಗರಿಗೆ ಇದರಲ್ಲಿ ಬೇರೊಂದು ಹಕ್ಕೂ ಇದೆ ಎಂದು ನಾನು ಭಾವಿಸುತ್ತೇನೆ. ಈ ಅಂಕಿಅಂಶಗಳ ಹಿಂದೆ ಇರುವ ಸೈನಿಕರಲ್ಲಿ ನಮ್ಮವರು ಬಹಳ ಮಂದಿ. 2007ರಲ್ಲಿ ಲೈಬೀರಿಯಾಕ್ಕೆ ಹೋದ, ಪೂರ್ಣ ಮಹಿಳೆಯರದೇ ಆದ ಮೊದಲ ಪೊಲೀಸ್ ತುಕಡಿಯೂ ನಮ್ಮದೇ. ಅವರ ದುಡಿಮೆಯನ್ನು ಅಳೆಯುವ ಬರಹ ಅವರ ಊರಿನವರಿಗೇ ಓದಲು ಸಿಗದಿದ್ದುದು ಅನ್ಯಾಯವಾಗಿತ್ತು.

ಕೊರತೆಗಳೂ ಸಣ್ಣವಲ್ಲ. ಚಂದಾ ಜರ್ನಲ್‌ಗಳಿಗೆ ಮಾತ್ರ, ಪುಸ್ತಕಗಳಿಗಿಲ್ಲ. ಸೈನಿಕರ ಎಣಿಕೆಯ ವಾದಗಳು ಲೇಖನಗಳಲ್ಲಿ ಸಿಗುತ್ತವೆ; ಆದರೆ ಶಾಂತಿ ನಿರ್ಮಾಣದ ಬಗ್ಗೆ ಬಲವಾದ ಕೆಲಸ ಪುಸ್ತಕ ರೂಪದಲ್ಲೇ ಹೆಚ್ಚು. ಕಾಂಗೋದಲ್ಲಿ ಕ್ಷೇತ್ರಕಾರ್ಯ ನಡೆಸಿದ ಸೆವರೀನ್ ಓಟೆಸೇರ್, ಹೊರಗಿನಿಂದ ಬಂದ ತಜ್ಞರು ಸ್ಥಳೀಯರ ತಿಳಿವಳಿಕೆಯನ್ನು ಬದಿಗಿಟ್ಟು ರಾಜಧಾನಿಯ ಸಂಧಾನಗಳಿಗೇ ಅಂಟಿಕೊಳ್ಳುವುದನ್ನೂ, ಜಮೀನಿನಂಥ ಊರಮಟ್ಟದ ಜಗಳಗಳು ಹಾಗೇ ಉಳಿದು ಹಿಂಸೆ ಮರುಕಳಿಸುವುದನ್ನೂ ವಿಸ್ತಾರವಾಗಿ ವಿವರಿಸಿರುವುದು ಪುಸ್ತಕಗಳಲ್ಲಿ. ಹೀಗಾಗಿ ಈ ಸೇವೆಯನ್ನಷ್ಟೇ ನಂಬಿದ ವಿದ್ಯಾರ್ಥಿಗೆ ವಿಷಯದ ಒಂದು ಮಗ್ಗುಲು ಮಸುಕಾಗಿಯೇ ಉಳಿಯುತ್ತದೆ.

ಇನ್ನೂ ದೊಡ್ಡ ಕೊರತೆ ಅರ್ಹತೆಯದು. ರಾಜ್ಯ ವಿಶ್ವವಿದ್ಯಾಲಯದವರು ಒಳಗೆ ಬರುತ್ತಾರೆ; ಖಾಸಗಿ ಆಡಳಿತದ ಕಾಲೇಜುಗಳಿಂದಲೇ ಹೆಸರಾದ ಈ ಊರಿನಲ್ಲಿ, ಸರ್ಕಾರಿ ಸಂಸ್ಥೆಗಳಿಗಷ್ಟೇ ಸೀಮಿತವಾದ ಯೋಜನೆಯ ಮೊದಲ ಹಂತದ ಹೊರಗೆ ಉಳಿದವರು ಎಷ್ಟು ಮಂದಿ ಎಂಬುದನ್ನು ಯಾರೂ ಊಹಿಸಬಹುದು. ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೂ ದಾರಿಯಿಲ್ಲ. ಮುಂದಿನ ಹಂತದಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯದ ಒಂದೆರಡು ಕಂಪ್ಯೂಟರ್‌ಗಳಿಗಾದರೂ ಇದನ್ನು ವಿಸ್ತರಿಸಬೇಕು.

ಅಲ್ಲಿಯವರೆಗೆ ಹೊರಗುಳಿದವರು ಲೇಖಕರ ಸ್ವಂತ ಜಾಲತಾಣಗಳಲ್ಲಿ ಹುಡುಕಬಹುದು. ಅಚ್ಚಿಗೆ ಮುಂಚಿನ ಪ್ರತಿಗಳನ್ನು ಅನೇಕರು ಉಚಿತವಾಗಿ ಇಟ್ಟಿರುತ್ತಾರೆ. ಒಳಗಿರುವವರು ಬಾರ್ಬರಾ ವಾಲ್ಟರ್, ಲೀಸ್ ಹೊವರ್ಡ್ ಮತ್ತು ಪೇಜ್ ಫೋರ್ಟ್ನಾ 2021ರಲ್ಲಿ ಬರೆದ ಸಮೀಕ್ಷಾ ಲೇಖನದಿಂದ ಆರಂಭಿಸಲಿ. ಅದುವರೆಗಿನ ಸಂಖ್ಯಾಶಾಸ್ತ್ರೀಯ ಅಧ್ಯಯನಗಳು ಎಲ್ಲಿ ಒಮ್ಮತಕ್ಕೆ ಬಂದಿವೆ ಎಂಬುದನ್ನು ಅದು ಒಂದೇ ಕಡೆ ಹೇಳುವುದರಿಂದ, ಉಳಿದ ಲೇಖನಗಳನ್ನು ಯಾವ ಕ್ರಮದಲ್ಲಿ ತೆರೆಯಬೇಕೆಂಬ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ.