ಚಾರ್ಜರ್ 12.6 ತೋರಿಸಿತೆಂದು ನಂಬಿ ಕೂರಬೇಡಿ

ಮಗನ ಮಾದರಿ ವಿಮಾನಕ್ಕೆ ಹಾಕುವ ಲಿಥಿಯಂ ಪಾಲಿಮರ್ ಬ್ಯಾಟರಿ, ಅಂದರೆ ಎಲ್ಲರೂ ಲಿಪೊ ಎಂದು ಕರೆಯುವ ಮೆತ್ತನೆಯ ಪ್ಯಾಕ್, ಕಳೆದ ಬೇಸಿಗೆಯಲ್ಲಿ ಶಿಡ್ಲಘಟ್ಟದ ಬಳಿಯ ನಮ್ಮ ಮನೆಯಲ್ಲಿ ಚಾರ್ಜಿಗೆ ಇಟ್ಟಿದ್ದಾಗಲೇ ಹೊತ್ತಿಕೊಂಡು ಉರಿಯಿತು. ಯಾರ ಪ್ರಾಣಕ್ಕೂ ತೊಂದರೆಯಾಗಲಿಲ್ಲ. ಆದರೆ ಆ ಕೋಣೆಯ ಗೋಡೆಯಾಚೆಗೇ ನಾವು ರೇಷ್ಮೆ ಹುಳು ಸಾಕುವ ಹುಳುಮನೆ ಇದೆ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಬಾರಿ ಪೊರೆ ಕಳಚಿದ, ಹುಳುಗಳು ಅಲ್ಲಿ ಸೊಪ್ಪು ಮೇಯುತ್ತಿದ್ದವು, ಹುಳುಗಳು ಗೂಡು ಕಟ್ಟುವ, ಒಣಗಿದ ಬಿದಿರಿನ ಚಂದ್ರಿಕೆಗಳನ್ನು ಬಾಗಿಲ ಪಕ್ಕದಲ್ಲೇ ಒರಗಿಸಿಟ್ಟಿದ್ದೆವು. ಬೆಂಕಿ ಅತ್ತ ಹರಡಿದ್ದರೆ ಏನು ಗತಿ ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ. ಮನೆಯಲ್ಲಿ ಡ್ರೋನ್, ರಿಮೋಟ್ ಕಾರು, ವಿಮಾನ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಅದು 2200 ಎಂಎಎಚ್ ಸಾಮರ್ಥ್ಯದ, ಮೂರು ಸೆಲ್‌ಗಳ ಪ್ಯಾಕ್. ಹಿಂದಿನ ಭಾನುವಾರ ವಿಮಾನ ಕೆರೆಯಂಗಳದಲ್ಲಿ ಮೂತಿ ಕೆಳಗಾಗಿ ಬಿದ್ದಾಗ ಪ್ಯಾಕಿನ ಒಂದು ಮೂಲೆ ಹೆಬ್ಬೆರಳಿನಷ್ಟು ನೆಗ್ಗಿತ್ತು. ಊದಿಕೊಂಡಿರಲಿಲ್ಲವಾದ್ದರಿಂದ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪ್ರತಿ ಸೆಲ್ಲಿನ ವೋಲ್ಟೇಜನ್ನು ಚಾರ್ಜರ್‌ಗೆ ತಿಳಿಸುವ ಬಿಳಿಯ ಸಣ್ಣ ಬ್ಯಾಲೆನ್ಸ್ ಪ್ಲಗ್ ಸಡಿಲವಾಗಿತ್ತು. ಅದಿಲ್ಲದಿದ್ದರೂ ನಡೆಯುತ್ತದೆ ಎಂದು ಮಾರಿದ ಅಂಗಡಿಯವರು ಹೇಳಿದ್ದ ಮಾತನ್ನು ನಂಬಿ, ದಪ್ಪನೆಯ ಕೆಂಪು ಮತ್ತು ಕಪ್ಪು ವೈರುಗಳನ್ನಷ್ಟೇ ಸಿಕ್ಕಿಸಿ, 2.2 ಆಂಪಿಯರ್ ಇಟ್ಟು, ಹುಳುಗಳಿಗೆ ಸೊಪ್ಪು ಹಾಕಲು ಹೋದೆ.

ಸುಮಾರು ನಲವತ್ತು ನಿಮಿಷದ ಬಳಿಕ ನೇಲ್ ಪಾಲಿಶಿನಂಥ ಸಿಹಿ ವಾಸನೆ ಬಂತು. ಓಡಿ ಬಂದು ನೋಡಿದರೆ ಪ್ಯಾಕ್ ದಿಂಬಿನಂತೆ ಉಬ್ಬಿತ್ತು. ನಾನು ನೋಡುತ್ತಿದ್ದಂತೆಯೇ ಅಂಚಿನ ಹೊಲಿಗೆ ಬಿಚ್ಚಿಕೊಂಡು, ಸುಯ್ಯೆಂದು ಬಿಳಿ ಹೊಗೆ ಚಿಮ್ಮಿ, ಮರುಕ್ಷಣವೇ ಉದ್ದನೆಯ ಜ್ವಾಲೆ ಎದ್ದಿತು. ಮೇನ್ ಸ್ವಿಚ್ ಆರಿಸಿ, ಸಲಿಕೆಯಿಂದ ಅದನ್ನು ಅಂಗಳಕ್ಕೆ ಎಳೆದು, ಬಕೆಟ್ಟಿನಿಂದ ನೀರು ಸುರಿದೆ. ಆರಿತು ಎಂದುಕೊಳ್ಳುವಷ್ಟರಲ್ಲಿ ಎರಡನೇ ಸೆಲ್ ಹೊತ್ತಿಕೊಂಡಿತು. ಉರಿಯುವ ಪ್ಯಾಕನ್ನು ಹಾಗೆ ಎಳೆದದ್ದೂ ತಪ್ಪೇ, ಮೂಗು ಮುಚ್ಚಿಕೊಳ್ಳದೆ ಹೊಗೆಯೊಳಗೆ ನುಗ್ಗಿದ್ದಂತೂ ದೊಡ್ಡ ತಪ್ಪು, ಏಕೆಂದರೆ ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲವಿರುತ್ತದೆ. ಎರಡು ದಿನ ಗಂಟಲು ಉರಿಯುತ್ತಿತ್ತು. ಹೊಗೆ ಸೋಕಿದ ತಟ್ಟೆಗಳ ಹುಳುಗಳು ಸೊಪ್ಪು ಮುಟ್ಟಲಿಲ್ಲ.

ಕಾರಣ ಆಮೇಲೆ ಅರ್ಥವಾಯಿತು. ಲಿಪೊ ಸೆಲ್ ಒಂದಕ್ಕೆ ಗರಿಷ್ಠ 4.20 ವೋಲ್ಟ್; ಮೂರಕ್ಕೆ 12.6. ಬ್ಯಾಲೆನ್ಸ್ ಪ್ಲಗ್ ಇಲ್ಲದಿದ್ದರೆ ಚಾರ್ಜರ್‌ಗೆ ಕಾಣುವುದು ಒಟ್ಟು ಮೊತ್ತವಷ್ಟೇ, ಯಾವ ಸೆಲ್ ಎಷ್ಟರಲ್ಲಿದೆ ಎಂಬುದಲ್ಲ. ಪೆಟ್ಟು ತಿಂದ ಸೆಲ್ 3.9ರಲ್ಲೇ ನಿಂತುಬಿಟ್ಟರೆ, ಮೊತ್ತ ತುಂಬುವವರೆಗೆ ಉಳಿದೆರಡು 4.35ಕ್ಕೆ ಏರುತ್ತವೆ, ಪರದೆಯ ಮೇಲೆ ಮಾತ್ರ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ಅದೇ ಬೆಳಿಗ್ಗೆ ಅದೇ ರೀತಿ ಚಾರ್ಜ್ ಮಾಡಿದ್ದ ಇನ್ನೊಂದು ಹಳೆಯ ಪ್ಯಾಕನ್ನು ಸಂಜೆ ಮೀಟರ್ ಹಿಡಿದು ಅಳೆದಾಗ 4.30, 4.27, 4.00 ಬಂತು. ಮೊತ್ತ 12.57. ಆ ಮೂರು ಸಂಖ್ಯೆಗಳನ್ನು ಮೀಟರಿನಲ್ಲಿ ನೋಡಿ ನನ್ನ ಕೈಕಾಲು ತಣ್ಣಗಾದವು.

ಮಿತಿ ಮೀರಿ ತುಂಬಿದ ಸೆಲ್ಲಿನೊಳಗೆ ಲಿಥಿಯಂ ಲೋಹವಾಗಿ ಕಟ್ಟಿಕೊಳ್ಳುತ್ತದೆ, ಬಿಸಿ ಏರುತ್ತದೆ, ಎರಡು ಧ್ರುವಗಳ ನಡುವಿನ ತೆಳು ಪ್ಲಾಸ್ಟಿಕ್ ಪೊರೆ ಸುಮಾರು 130 ಡಿಗ್ರಿಯಲ್ಲಿ ಕರಗತೊಡಗುತ್ತದೆ, ಅಲ್ಲಿಂದ ಮುಂದೆ ಶಾರ್ಟ್ ಆಗಿ ಬೆಂಕಿ ತಾನಾಗಿಯೇ ಬೆಳೆಯುತ್ತದೆ. ಬೇಕಾದ ಆಮ್ಲಜನಕವೂ ಸ್ವಲ್ಪ ಒಳಗಿಂದಲೇ ಬರುವುದರಿಂದ ಗೋಣಿಚೀಲ ಮುಚ್ಚಿ ಆರಿಸಲಾಗದು. ನೀರು ಧಾರಾಳವಾಗಿ ಬೇಕು, ಅದೂ ತಣಿಸುವುದಕ್ಕೆ.

ಈಗ ಬ್ಯಾಲೆನ್ಸ್ ಪ್ಲಗ್ ಇಲ್ಲದೆ ನಾವು ಚಾರ್ಜರ್ ಮುಟ್ಟುವುದಿಲ್ಲ. ಹೊರಗಿನ ಜಗಲಿಯ ಕಡಪ ಕಲ್ಲಿನ ಮೇಲೆ ಇಟ್ಟು, ಮುಗಿಯುವವರೆಗೆ ಒಬ್ಬರು ಅಲ್ಲೇ ಕೂರುತ್ತೇವೆ. ಬಿದ್ದ ಪ್ಯಾಕ್, ಊದಿದ ಪ್ಯಾಕ್ ಎಷ್ಟೇ ಬೆಲೆಯದಾಗಿರಲಿ, ಮತ್ತೆ ಚಾರ್ಜಿಗೆ ಹೋಗುವುದಿಲ್ಲ. ವಾರಗಟ್ಟಲೆ ಹಾರಿಸದಿದ್ದರೆ ಪ್ರತಿ ಸೆಲ್ 3.8 ವೋಲ್ಟಿನ ಆಸುಪಾಸಿನಲ್ಲಿರುವಂತೆ ಮಾಡಿ ತಂಪಾದ ಜಾಗದಲ್ಲಿ ಇಡುತ್ತೇವೆ. ತುಂಬಿದ ಪ್ಯಾಕನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡುವುದನ್ನು ಅನೇಕರು ಮಾಡುತ್ತಾರೆ, ಅದು ಬಹಳ ಅಪಾಯ. ಗಾಳಿಯಾಡದ ಡಬ್ಬಿಯೂ ಬೇಡ, ಅನಿಲ ಹೊರಹೋಗಲು ದಾರಿ ಬೇಕು.

ಆ ಎರಡನೇ ಪ್ಯಾಕಿನ ಚಾರ್ಜ್ ಖಾಲಿ ಮಾಡಲು ಅದಕ್ಕೆ ಅಂಗಳದಲ್ಲಿ 12 ವೋಲ್ಟಿನ, 21 ವ್ಯಾಟಿನ ಕಾರಿನ ಬಲ್ಬು ಸಿಕ್ಕಿಸಿ, ಅದು ಮಂದವಾಗಿ ಕೆಂಪಗಾಗಿ ಆರುವವರೆಗೆ ಒಂದು ಗಂಟೆಗೂ ಹೆಚ್ಚು ಹೊತ್ತು ನಾನೂ ಮಗನೂ ದೂರದಲ್ಲಿ ಕುಳಿತಿದ್ದೆವು. ಮುಂದಿನ ವಾರ ತುದಿಗಳಿಗೆ ಟೇಪು ಸುತ್ತಿ ಬೆಂಗಳೂರಿನ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಟ್ಟು ಬಂದೆವು.