ಪ್ಯಾಟರ್ನ್ ಕಾಗದ ಬಿಡಿಸಲು ಥಿನ್ನರ್ ಸುರಿಯುವ ಮುನ್ನ ಇದನ್ನು ಓದಿ

ಗೃಹಪ್ರವೇಶಕ್ಕೆಂದು ಮಾಡಿದ ನಾಮಫಲಕವೊಂದು ಪಾಲಿಶ್ ಹಂತದವರೆಗೆ ಬಂದು, ಕೆಟ್ಟು ಮೂಲೆ ಸೇರಿದೆ. 6 ಮಿ.ಮೀ. ದಪ್ಪದ ಬೀಟೆ ಹಲಗೆ, ಅದರೊಳಗೆ ಕೂರಿಸಿದ ಹಾಲೆ ಮರದ ಬಿಳಿ ಅಕ್ಷರಗಳು; ಹೀಗೆ ಕೂರಿಸುವುದಕ್ಕೆ ಇನ್‌ಲೇ ಎನ್ನುತ್ತಾರೆ. ಸ್ಕ್ರೋಲ್ ಸಾ (ತೆಳು ಬ್ಲೇಡಿನಿಂದ ಬಾಗು ಗೆರೆ ಕೊಯ್ಯುವ ಗರಗಸ ಯಂತ್ರ) ಕೆಲಸದಲ್ಲಿ ಬೆರಳಿಟ್ಟು ತೋರಿಸುವಂಥ ಕೊರತೆ ಇಲ್ಲ. 'ಶ್ರೀ'ಯ ಕೆಳಗಿನ ಒತ್ತು ಕೂಡ ಮುರಿಯದೆ ಬಂದಿದೆ. ಅಕ್ಷರಗಳ ನಕ್ಷೆ ಮುದ್ರಿಸಿದ ಕಾಗದವನ್ನು, ಅಂದರೆ ಪ್ಯಾಟರ್ನನ್ನು, ಸ್ಪ್ರೇ ಅಂಟಿನಿಂದ ಮರಕ್ಕೆ ಅಂಟಿಸಿ ಅದರ ಗೆರೆ ಹಿಡಿದು ಕೊಯ್ದದ್ದು. ಕೆಟ್ಟಿದ್ದೆಲ್ಲ ಕೊಯ್ದಾದ ಮೇಲೆ, ಆ ಕಾಗದ ಮತ್ತು ಅಂಟು ತೆಗೆಯುವಾಗ. 'ಎನ್‌ಸಿ ಥಿನ್ನರ್ ಹಾಕಿ ಒರೆಸಿ, ಎರಡು ನಿಮಿಷದ ಕೆಲಸ' ಎಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಹೇಳಿದರು; ನೈಟ್ರೋಸೆಲ್ಯುಲೋಸ್ (ಎನ್‌ಸಿ) ಪಾಲಿಶನ್ನು ತೆಳುವಾಗಿಸುವ ದ್ರಾವಕ ಅದು. ಎರಡೇ ನಿಮಿಷದಲ್ಲಿ ಕಾಗದ ಬಂದದ್ದು ನಿಜ. ಅದರ ಜೊತೆಗೆ ಏನೇನು ಆಯಿತು, ಏಕೆ ಆಯಿತು ಎಂಬುದನ್ನು ಬಿಡಿಸಿ ಬರೆಯುವುದು ಒಳ್ಳೆಯದು. ಇದೇ ಸಲಹೆ ಎಲ್ಲ ಕಡೆ ಓಡಾಡುತ್ತಿದೆ.

ಥಿನ್ನರ್ ಬಿದ್ದ ಕೂಡಲೇ ಮೊದಲು ಕರಗಿದ್ದು ಅಂಟಲ್ಲ, ಕಾಗದದ ಮೇಲಿನ ಕಪ್ಪು ಗೆರೆ. ಜೆರಾಕ್ಸ್ ಮತ್ತು ಲೇಸರ್ ಪ್ರಿಂಟರಿನ ಟೋನರ್ ಅಂದರೆ ಕಪ್ಪು ಬಣ್ಣ ಬೆರೆಸಿದ ಪ್ಲಾಸ್ಟಿಕ್ ಪುಡಿ. ಅಸಿಟೋನ್‌ನಲ್ಲೂ ಎನ್‌ಸಿ ಥಿನ್ನರ್‌ನಲ್ಲೂ ಅದು ಸಲೀಸಾಗಿ ಕರಗುತ್ತದೆ. ಮರದ ಮೇಲೆ ಚಿತ್ರ ಇಳಿಸಬೇಕೆನ್ನುವವರು ಬೇಕೆಂದೇ ಮಾಡುವ ಕೆಲಸ ಇದು: ಪ್ರಿಂಟನ್ನು ಮಗುಚಿಟ್ಟು ಹಿಂದಿನಿಂದ ಅಸಿಟೋನ್ ಒರೆಸುತ್ತಾರೆ. ಇಲ್ಲಿ ಬೇಡದಿದ್ದರೂ ಅದೇ ಆಯಿತು. ಕಾಗದ ತೋಯ್ದು ಹೋಗಿ, ಹಾಲೆ ಮರದ ಬಿಳಿಯ ಮೇಲೆ ಬೂದುಬಣ್ಣದ ಮಬ್ಬು ಹರಡಿತು.

ಅದಕ್ಕಿಂತ ದೊಡ್ಡ ಪೆಟ್ಟು ಬಂದದ್ದು ಬೀಟೆಯಿಂದಲೇ. ಬೀಟೆಯ ಒಳಗಿರುವ ಕಡುಗೆಂಪು ನೇರಳೆ ಬಣ್ಣ ನೀರಿಗೆ ಅಷ್ಟಾಗಿ ಬಿಡುವುದಿಲ್ಲ. ಸ್ಪಿರಿಟ್, ಅಸಿಟೋನ್, ಥಿನ್ನರ್ ಸೋಕಿದರೆ ಚಹಾ ಡಿಕಾಕ್ಷನ್ ಹಾಗೆ ಇಳಿಯುತ್ತದೆ. ಬಟ್ಟೆಯಲ್ಲಿ ಒಮ್ಮೆ ಅಡ್ಡ ಒರೆಸಿದ್ದೇ ತಡ, ಆ ಬಣ್ಣ ಅಕ್ಷರಗಳ ಅಂಚಿನಿಂದ ಒಳಕ್ಕೆ ಹರಿಯಿತು. ಹತ್ತಿರದಿಂದ ನೋಡಿದರೆ ಪ್ರತಿ ಅಕ್ಷರದ ಸುತ್ತ ಒಂದು ಮಿಲಿಮೀಟರಿನಷ್ಟು ಗುಲಾಬಿ ಕಲೆ ನಿಂತಿದೆ, ಮರದ ಎಳೆ ಓಡುವ ದಿಕ್ಕಿನಲ್ಲಿ ಅದು ಚೂಪಾಗಿ ಇನ್ನೂ ಮುಂದಕ್ಕೆ ಚಾಚಿದೆ. ಮೈಸೂರಿನ ಬೀಟೆ ಇನ್‌ಲೇ ಕೆಲಸಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಅದರ ಚೆಲುವೆಲ್ಲ ಕಡುಬಣ್ಣದ ನೆಲ ಮತ್ತು ತಿಳಿಬಣ್ಣದ ಚೂರಿನ ನಡುವಿನ ಚೊಕ್ಕ ಗೆರೆಯಲ್ಲಿದೆ. ಆ ಗೆರೆಯೇ ಮಾಸಿದ ಮೇಲೆ ಉಳಿದ ಕೈಚಳಕಕ್ಕೆ ಬೆಲೆ ಇಲ್ಲ. ಅಂದಹಾಗೆ, ಇನ್‌ಲೇಯಲ್ಲಿ ಮರದ ಬದಲು ಅಕ್ರಿಲಿಕ್ ಚೂರು ಕೂರಿಸಿದ್ದರೆ ಥಿನ್ನರ್ ಅದನ್ನು ಮೆತ್ತಗೆ ಮಾಡಿ ಮಂಕು ಹಿಡಿಸುತ್ತದೆ.

ಮೂರನೆಯ ಪೆಟ್ಟು ಆಗ ಕಣ್ಣಿಗೆ ಕಾಣಲಿಲ್ಲ. ದ್ರಾವಕ ಅಂಟನ್ನು ಇಲ್ಲವಾಗಿಸುವುದಿಲ್ಲ, ತೆಳ್ಳಗೆ ಮಾಡಿ ಜಾಗ ಬದಲಿಸುತ್ತದೆ, ಅಷ್ಟೇ. ಸ್ಪ್ರೇ ಅಂಟಿನ ಜೀವಾಳ ರಬ್ಬರಿನಂಥ ವಸ್ತು. ಅದು ಮೇಲ್ಮೈಯಲ್ಲಿ ಜಿಗುಟಾಗಿ ಕೂತಿರುವವರೆಗೆ ಕೆರೆದು, ಉರುಳಿಸಿ ತೆಗೆಯಬಹುದು. ಥಿನ್ನರ್ ಧಾರಾಳವಾಗಿ ಸುರಿದಾಗ ಅದು ಹಾಲಿನಷ್ಟು ತೆಳುವಾಗಿ ಮರದ ರಂಧ್ರಗಳಿಗೆ, ಅದಕ್ಕಿಂತ ಹೆಚ್ಚಾಗಿ ಬ್ಲೇಡು ಎಳೆಗೆ ಅಡ್ಡಲಾಗಿ ಕೊಯ್ದ ಮುಖಗಳಿಗೆ ಇಳಿಯುತ್ತದೆ. ಅಡ್ಡ ಕೊಯ್ದ ಮುಖ ದ್ರವವನ್ನು ಹೀರುವಷ್ಟು ಹಲಗೆಯ ಮೇಲ್ಮೈ ಹೀರುವುದಿಲ್ಲ. ಥಿನ್ನರ್ ಆರಿತು, ಅಂಟು ಒಳಗೆ ಉಳಿಯಿತು. ಇನ್ನೊಂದು ವಿಷಯ: ಈ ಫಲಕದಲ್ಲಿ ಅಕ್ಷರಗಳನ್ನು ಮೊದಲು ಕೂರಿಸಿ ಆಮೇಲೆ ಕಾಗದ ತೆಗೆದಿದ್ದರು. ಹಾಗಾಗಿ ಸಂದಿಗಳಿಗೆ ಇಳಿದ ಅಂಟನ್ನು ಹೊರತೆಗೆಯಲು ದಾರಿಯೇ ಇರಲಿಲ್ಲ. ಚೂರುಗಳು ಬಿಡಿಯಾಗಿರುವಾಗಲೇ ಚೊಕ್ಕ ಮಾಡಬೇಕು. ಅಂಚಿನಲ್ಲಿ ರಬ್ಬರ್ ಅಂಟು ಇದ್ದರೆ ಆಮೇಲೆ ಹಾಕುವ ಫೆವಿಕಾಲ್ ಸಹ ಮರಕ್ಕೆ ಸರಿಯಾಗಿ ಕಚ್ಚುವುದಿಲ್ಲ.

ಜಿಗುಟು ಇನ್ನೂ ಕೈಗೆ ಸಿಗುತ್ತಿದೆ ಎಂದು ಮುಂದೆ ಮಾಡಿದ್ದು ಯಂತ್ರದಲ್ಲಿ ಉಜ್ಜುವ ಕೆಲಸ. 120ರ ಉಪ್ಪುಕಾಗದ ಹಾಕಿದ ಆರ್ಬಿಟಲ್ ಸ್ಯಾಂಡರ್ ಅರ್ಧ ನಿಮಿಷ ಓಡುವಷ್ಟರಲ್ಲಿ ಕಾಗದದ ಮೇಲೆ ಕಂದು ಗುಳ್ಳೆಗಳು ಕಟ್ಟಿದವು. ಉಜ್ಜಿದ ಬಿಸಿಗೆ ಅಂಟು ಕರಗಿ, ಬೀಟೆಯ ಪುಡಿ ಅದರಲ್ಲಿ ಬೆರೆತು, ಗಟ್ಟಿಯಾದ ಗುಳ್ಳೆಗಳು ಹಾಲೆ ಮರದ ಮೇಲೆ ಸುರುಳಿ ಸುರುಳಿ ಗೀರು ಎಳೆದವು. ಉಳಿದ ಅಂಟು ಬಿಸಿಗೆ ಇನ್ನಷ್ಟು ಒಳಕ್ಕೆ ಹೋಯಿತು. ಕೊನೆಯಲ್ಲಿ ಪಿ.ಯು. (ಪಾಲಿಯುರೆಥೇನ್) ಪಾಲಿಶ್ ಹಾಕಿದಾಗ ಅಂಟಿದ್ದ ಕಡೆಯೆಲ್ಲ ಅದು ಕೂರದೆ ಸರಿದು ಕುಳಿ ಬಿತ್ತು, ಕೆಲವೆಡೆ ಆರದೆ ಬೆರಳಿಗೆ ಅಂಟುತ್ತಲೇ ಇತ್ತು. ಪಾಲಿಶ್ ಕಳಪೆ ಎಂದು ಬೈಯುವವರೇ ಹೆಚ್ಚು, ತಪ್ಪು ಪಾಲಿಶಿನದಲ್ಲ.

ಹಾಗಾದರೆ ಮಾಡಬೇಕಾದದ್ದು ಏನು? ಮೊದಲು ಯಾವ ಅಂಟು ಎಂದು ತಿಳಿಯಬೇಕು. ಸ್ಪ್ರೇ ಅಂಟು, ಚಪ್ಪಲಿಗೆ ಹಚ್ಚುವಂಥ ಹಳದಿ ರಬ್ಬರ್ ಅಂಟು, ಅಗ್ಗದ ಟೇಪಿನ ಜಿಗುಟು ಇವು ಒಂದು ಜಾತಿ. ಇವಕ್ಕೆ ಬಿಸಿ ಮತ್ತು ಟರ್ಪೆಂಟೈನ್. ಗ್ಲೂ ಸ್ಟಿಕ್, ಮೈದಾ ಗೋಂದು, ಬಿಳಿ ಫೆವಿಕಾಲ್ ಇವು ಇನ್ನೊಂದು ಜಾತಿ. ಇವಕ್ಕೆ ಬೆಚ್ಚಗಿನ ನೀರು. ಬಿಳಿ ಫೆವಿಕಾಲ್ ಪೂರ್ತಿ ಒಣಗಿದ್ದರೆ ನೀರಿಗೆ ಮೆತ್ತಗಾಗುತ್ತದೆಯೇ ಹೊರತು ಕರಗುವುದಿಲ್ಲ, ಆದ್ದರಿಂದ ಪ್ಯಾಟರ್ನ್ ಅಂಟಿಸಲು ಅದನ್ನು ಬಳಸಲೇಬಾರದು. ಜಾತಿ ತಪ್ಪಿದರೆ ಎಷ್ಟು ಉಜ್ಜಿದರೂ ವ್ಯರ್ಥ; ಗ್ಲೂ ಸ್ಟಿಕ್ ಕಾಗದದ ಮೇಲೆ ಟರ್ಪೆಂಟೈನ್ ಸುರಿದರೆ ಕಾಗದ ಪಾರದರ್ಶಕವಾಗಿ ಹೊಳೆಯುತ್ತದೆ, ಅಲುಗಾಡುವುದಿಲ್ಲ.

ರಬ್ಬರ್ ಜಾತಿಗೆ ಮೊದಲು ಬಿಸಿ. ತಲೆಗೂದಲು ಒಣಗಿಸುವ ಡ್ರೈಯರ್ ಸಾಕು. ಒಂದು ಗೇಣು ದೂರದಿಂದ 20-30 ಸೆಕೆಂಡು, ಒಂದೇ ಕಡೆ ನಿಲ್ಲಿಸದೆ. ಹಲಗೆ ಕೈಗೆ ಬೆಚ್ಚಗೆ ಹತ್ತಬೇಕು, ಮುಟ್ಟಲಾರದಷ್ಟು ಬಿಸಿ ಬೇಡ. ಹೀಟ್ ಗನ್ ಆದರೆ ತೀರಾ ಹುಷಾರು: ತೆಳು ಪ್ಲೈವುಡ್ಡಿನ ಪದರ ಬಿಟ್ಟುಕೊಳ್ಳುತ್ತದೆ, ತೆಳು ಹಲಗೆ ಸೊಟ್ಟಗಾಗುತ್ತದೆ. ಬೆಚ್ಚಗಿರುವಾಗಲೇ ಕಾಗದದ ಒಂದು ಮೂಲೆ ಎತ್ತಿ, ಅದನ್ನು ಮೇಲಕ್ಕೆ ಎಳೆಯದೆ ಬೆನ್ನಿಗೆ ಮಡಚಿದಂತೆ ಹಿಂದಕ್ಕೆ ಎಳೆಯಬೇಕು, ಇನ್ನೊಂದು ಕೈಬೆರಳು ಮಡಿಕೆಯ ಹಿಂದೆಯೇ ಮರವನ್ನು ಒತ್ತಿ ಹಿಡಿದಿರಬೇಕು. ಕನ್ನಡ ಅಕ್ಷರಗಳಲ್ಲಿ ಇದು ಮುಖ್ಯ. ಒತ್ತಕ್ಷರ ತಲೆಯ ಅಕ್ಷರಕ್ಕೆ 2 ಮಿ.ಮೀ. ಕೊರಳಿನಲ್ಲಿ ಜೋತುಬಿದ್ದಿರುತ್ತದೆ. ಆ ಕೊರಳಲ್ಲಿ ಎಳೆ ಅಡ್ಡ ಓಡಿದ್ದರಂತೂ ಕಾಗದ ಮೇಲಕ್ಕೆತ್ತಿದ ಬಲಕ್ಕೇ 'ಟಕ್' ಎನ್ನುತ್ತದೆ. ಒತ್ತಿನ ಕೆಳಗೆ ಅಷ್ಟೇ ದಪ್ಪದ ಚೂರೊಂದನ್ನು ಆಸರೆಯಾಗಿ ಇಟ್ಟುಕೊಂಡರೆ ಇನ್ನೂ ಕ್ಷೇಮ.

ಬಿಸಿಗೆ ಬಾರದೆ ಉಳಿದ ಕಾಗದಕ್ಕೆ ಮಾತ್ರ ಟರ್ಪೆಂಟೈನ್. ಬಣ್ಣದಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಖನಿಜ ಟರ್ಪೆಂಟೈನ್, ಅಂದರೆ ಮರದ ರಾಳದ್ದಲ್ಲ, ಪೆಟ್ರೋಲಿಯಂನದು. ನಮಗೆ ಬೇಕಾದದ್ದೂ ಅದೇ. ಅದಕ್ಕೆ ಟೋನರ್ ಅಷ್ಟಾಗಿ ಕರಗದು, ಬೀಟೆಯ ಬಣ್ಣವೂ ತೀರಾ ಕಡಿಮೆ ಬಿಡುತ್ತದೆ. ಆದರೂ ಅದೇ ಹಲಗೆಯ ಉಳಿಕೆ ಚೂರಿನ ಮೇಲೆ ಬಿಳಿ ಬಟ್ಟೆಯಿಂದ ಒರೆಸಿ ನೋಡದೆ ಮುಂದುವರಿಯಬೇಡಿ. ಅರ್ಧ ಅಂಗುಲದ ಕುಂಚದಲ್ಲಿ ಅದ್ದಿ, ಡಬ್ಬಿಯ ಬಾಯಿಗೆ ಒರೆಸಿ, ಕಾಗದಕ್ಕೆ ಮಾತ್ರ ಸವರಿ. ಹಲಗೆ ತೋಯುವಷ್ಟು ಬೇಡ, ಅಂಚಿನಿಂದ ಒಳಕ್ಕೆ ಸವರಬೇಕೇ ಹೊರತು ಒಳಗಿನಿಂದ ಅಂಚಿಗಲ್ಲ. ಅಂಚಿಗೆ ತಳ್ಳಿದರೆ ಕೊಯ್ದ ಮುಖಕ್ಕೆ ಇಳಿಯುತ್ತದೆ. ಒಂದೆರಡು ನಿಮಿಷ ಬಿಟ್ಟು, ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಎಳೆಯುದ್ದಕ್ಕೆ ನೂಕಿದರೆ ಕಾಗದ ಅಂಟಿನ ಸಮೇತ ಸುರುಳಿಯಾಗಿ ಬರುತ್ತದೆ. ಕಬ್ಬಿಣದ ಪಟ್ಟಿ ಬೇಡ, ಹಾಲೆಯಂಥ ಮೆತ್ತನೆ ಮರಕ್ಕೆ ಗೀರು ಬೀಳುತ್ತದೆ.

ಆಮೇಲೆ ಉಳಿಯುವ ತೆಳು ಜಿಗುಟನ್ನು ಇನ್ನಷ್ಟು ದ್ರಾವಕದಿಂದ ತೊಳೆಯುವ ಆಸೆ ಬರುತ್ತದೆ. ಅಲ್ಲೇ ತಡೆಯಬೇಕು. ಸ್ಯಾಂಡಿಂಗ್ ಬೆಲ್ಟ್ ಚೊಕ್ಕ ಮಾಡಲು ಮಾರುವ ಕ್ರೇಪ್ ರಬ್ಬರ್ ಕಡ್ಡಿಯಿಂದ ಉಜ್ಜಿದರೆ ಜಿಗುಟು ಸಣ್ಣ ಉಂಡೆಗಳಾಗಿ ಎದ್ದು ಬರುತ್ತದೆ. ಅದಿಲ್ಲದಿದ್ದರೆ ಅಗಲವಾದ ಪ್ಯಾಕಿಂಗ್ ಟೇಪನ್ನು ಅಂಟು ಹೊರಗಿರುವಂತೆ ಬೆರಳಿಗೆ ಸುತ್ತಿ ತಟ್ಟಿ ತಟ್ಟಿ ತೆಗೆಯಬಹುದು, ಸ್ವಲ್ಪ ತಾಳ್ಮೆ ಬೇಕು. ಸಣ್ಣ ಕಿಂಡಿಗಳ ಒಳಮೈಗೆ ಟರ್ಪೆಂಟೈನಿನಲ್ಲಿ ಅದ್ದಿ ಹಿಂಡಿದ ಇಯರ್ ಬಡ್. ಕೊನೆಗೊಮ್ಮೆ ಟರ್ಪೆಂಟೈನ್ ಪಸೆ ಮಾತ್ರ ಇರುವ ಬಿಳಿ ಬಟ್ಟೆಯಿಂದ ಎಳೆಯ ದಿಕ್ಕಿಗೆ ಒಂದೇ ಎಳೆತ, ಪ್ರತಿ ಸಲ ಬಟ್ಟೆಯ ಹೊಸ ಮಡಿಕೆ. ಕೊಳೆಯಾದ ಮಡಿಕೆಯಿಂದ ಮತ್ತೆ ಒರೆಸಿದರೆ ತೆಗೆದ ಅಂಟನ್ನೇ ವಾಪಸ್ ಹಚ್ಚಿದಂತೆ.

ಅಂಟು ಹೋಗಿದೆಯೇ ಎಂದು ನೋಡಲು ಅದೇ ಒರೆಸುವಿಕೆ ನೆರವಾಗುತ್ತದೆ. ಪಸೆ ಆರುವ ಮೊದಲು ಮೊಬೈಲ್ ಟಾರ್ಚನ್ನು ಹಲಗೆಯ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಕು ಬಿಡಿ. ಚೊಕ್ಕ ಮರ ಒದ್ದೆಯಾಗಿ ಕಪ್ಪಾಗುತ್ತದೆ. ಅಂಟಿರುವ ಕಡೆ ದ್ರವ ಇಳಿಯದೆ ತಿಳಿ ಮಚ್ಚೆಯಾಗಿಯೋ ಹೊಳಪಾಗಿಯೋ ನಿಲ್ಲುತ್ತದೆ. ಆ ಮಚ್ಚೆ ಇದ್ದಾಗ ಪಾಲಿಶ್ ಡಬ್ಬಿ ತೆರೆಯಬಾರದು.

ಒಣಗಲು ಒಂದು ದಿನ ಬಿಡಿ, ಮಳೆಗಾಲದ ಮಲೆನಾಡಿನಲ್ಲೋ ಕರಾವಳಿಯಲ್ಲೋ ಆದರೆ ಎರಡು ದಿನ. ವಾಸನೆ ಪೂರ್ತಿ ಹೋಗಿರಬೇಕು. ಆಮೇಲೆ 180, 220ರ ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿ ಕೈಯಿಂದಲೇ ಉಜ್ಜಿ. ಪ್ಲೈವುಡ್ಡಾದರೆ ಇನ್ನೂ ಹಗುರಾಗಿ: ಮೇಲಿನ ತೇಗದ ಪದರ ಅರ್ಧ ಮಿಲಿಮೀಟರಿಗಿಂತ ತೆಳುವಾಗಿರುವುದೇ ಹೆಚ್ಚು, ಅಂಚಿನಲ್ಲಿ ನಾಲ್ಕು ಎಳೆತ ಹೆಚ್ಚಾದರೆ ಕೆಳಗಿನ ಬೇರೆ ಮರ ಇಣುಕುತ್ತದೆ. ಬೀಟೆ ಮತ್ತು ಬಿಳಿ ಮರ ಒಟ್ಟಿಗೆ ಇರುವ ಕೆಲಸದಲ್ಲಿ ಉಪ್ಪುಕಾಗದಕ್ಕಿಂತ ಹರಿತವಾದ ಸ್ಕ್ರೇಪರ್ ಪಟ್ಟಿ (ಮರದಿಂದ ತೆಳು ಸಿಪ್ಪೆ ಕೆರೆಯುವ ಉಕ್ಕಿನ ತಗಡು) ವಾಸಿ; ಉಜ್ಜಿದ ಬೀಟೆಯ ನೇರಳೆ ಪುಡಿ ಹಾಲೆಯ ರಂಧ್ರದಲ್ಲಿ ಕೂತರೆ ಅದೂ ಕಲೆಯೇ. ಪುಡಿಯನ್ನು ಬಟ್ಟೆಯಿಂದ ಒರೆಸಬೇಡಿ, ವ್ಯಾಕ್ಯೂಮಿನಿಂದ ಎಳೆಯಿರಿ.

ಮೊದಲ ಲೇಪ ಮೇಣ ತೆಗೆದ ಶೆಲ್ಯಾಕ್ (ಅರಗಿನ ಪಾಲಿಶ್) ಆದರೆ, ಕಣ್ತಪ್ಪಿ ಉಳಿದ ಅಲ್ಪಸ್ವಲ್ಪ ಅಂಟನ್ನು ಅದು ಮುಚ್ಚಿ ಹಿಡಿಯುತ್ತದೆ, ಅದರ ಮೇಲೆ ಪಿ.ಯು. ಕೂರುತ್ತದೆ. ಆದರೆ ಶೆಲ್ಯಾಕ್ ಕರಗಿರುವುದೂ ಸ್ಪಿರಿಟ್‌ನಲ್ಲೇ. ಬೀಟೆಯ ಮೇಲೆ ಬಟ್ಟೆಯುಂಡೆಯಿಂದ ಎಳೆದರೆ ಮತ್ತದೇ ನೇರಳೆ ಹರಿವು. ಆದ್ದರಿಂದ ಬಿಳಿ ಅಕ್ಷರಗಳಿಗೆ ಮಾತ್ರ ಸಣ್ಣ ಕುಂಚದಿಂದ ಎರಡು ತೆಳು ಕೋಟು ಮೊದಲೇ ಕೊಟ್ಟು ಒಣಗಿಸಿ, ಆಮೇಲೆ ಇಡೀ ಫಲಕಕ್ಕೆ ಅದನ್ನೇ ತೆಳುವಾಗಿ ಸ್ಪ್ರೇ ಮಾಡುವುದು ಕ್ಷೇಮ.

ಮೇಲೆ ಹೇಳಿದ ನಾಮಫಲಕಕ್ಕೆ ಈಗ ಉಳಿದಿರುವುದು ಕಷ್ಟದ ದಾರಿ. ಪಾಲಿಶ್ ಕೆರೆದು ತೆಗೆದ ಮೇಲೆ, ಗುಲಾಬಿ ಕಲೆ ಮೇಲ್ಮೈಯಲ್ಲಷ್ಟೇ ಇದ್ದರೆ ಸ್ಕ್ರೇಪರ್‌ನ ಕೆಲವು ಎಳೆತಕ್ಕೆ ಹೋಗಬಹುದು. ಅಡ್ಡ ಕೊಯ್ದ ಮುಖದಿಂದ ಒಳಹೊಕ್ಕ ಕಡೆ ಕೆರೆದಷ್ಟೂ ಕಲೆ ಸಿಗುತ್ತಲೇ ಹೋಗುತ್ತದೆ. ಆ ಅಕ್ಷರಗಳನ್ನು ಹೊಸದಾಗಿ ಕೊಯ್ದು ಹಾಕುವುದೇ ಕಡಿಮೆ ಕೆಲಸ. ಬ್ಲೀಚ್ ಹಾಕುವ ಸಲಹೆಯೂ ಕೇಳಿಬರುತ್ತದೆ, ಬೀಟೆಯ ಪಕ್ಕದಲ್ಲಿ ಅದನ್ನು ತರುವ ಧೈರ್ಯ ಬೇಡ.

ಇಷ್ಟೆಲ್ಲ ತೊಂದರೆ ಬೇಡವೆಂದರೆ ಅಂಟು ಮರಕ್ಕೆ ಸೋಕದಂತೆ ಮಾಡುವುದು ಒಳ್ಳೆಯದು. ಬಣ್ಣ ಬಳಿಯುವವರು ಬಳಸುವ ನೀಲಿ ಮಾಸ್ಕಿಂಗ್ ಟೇಪನ್ನು ಪುಡಿ ಒರೆಸಿದ ಹಲಗೆಗೆ ಸಂದಿಯಿಲ್ಲದಂತೆ ಪಕ್ಕಪಕ್ಕ ಅಂಟಿಸಿ, ಪ್ಯಾಟರ್ನನ್ನು ಅದರ ಮೇಲೆ ಅಂಟಿಸಿ. ಕೊಯ್ದಾದ ಮೇಲೆ ಟೇಪ್ ಎತ್ತಿದರೆ ಕಾಗದವೂ ಎದ್ದಿತು. ಅಗ್ಗದ ಕಂದು ಟೇಪು ಇದಕ್ಕೆ ಬಾರದು, ಒಂದೆರಡು ದಿನ ಬಿಟ್ಟರೆ ಜಿಗುಟನ್ನು ಮರದ ಮೇಲೇ ಬಿಟ್ಟು ತಾನು ಹರಿದು ಬರುತ್ತದೆ. ನೇರ ಕಾಗದವನ್ನೇ ಅಂಟಿಸುವುದಾದರೆ ಸ್ಪ್ರೇಯನ್ನು ಮರಕ್ಕಲ್ಲ, ಕಾಗದದ ಬೆನ್ನಿಗೆ ಮಾತ್ರ ತೆಳುವಾಗಿ ಒಂದು ಸಲ ಹೊಡೆದು, ಸುಮಾರು ಒಂದು ನಿಮಿಷ ಆರಲು ಬಿಟ್ಟು ಅಂಟಿಸಿ. ಒದ್ದೆಯಿರುವಾಗಲೇ ಅಂಟಿಸಿದರೆ ಅದು ಶಾಶ್ವತದ ಅಂಟಾಗುತ್ತದೆ. ಕೊಯ್ದ ದಿನವೇ ಕಾಗದ ತೆಗೆಯಿರಿ; ವಾರಗಟ್ಟಲೆ ಬಿಟ್ಟಷ್ಟೂ ಹಿಡಿತ ಬಿಗಿಯಾಗುತ್ತದೆ. ಇಂಕ್‌ಜೆಟ್ ಪ್ರಿಂಟಾದರೆ ನೀರಿನ ಅಂಟು ಬೇಡ, ಶಾಯಿ ಮರಕ್ಕೆ ಇಳಿಯುತ್ತದೆ.

ಮರದ ನಾರು ಒತ್ತಿ ಮಾಡಿದ ಎಂಡಿಎಫ್‌ಗೆ ನೀರು ತಾಗಿಸಲೇಬೇಡಿ, ಅಂಚು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಸೀಮೆಎಣ್ಣೆ, ಕೊಬ್ಬರಿ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇವೆಲ್ಲ ಅಂಟು ಬಿಡಿಸುತ್ತವೆ ನಿಜ, ಬದಲಿಗೆ ಎಣ್ಣೆ ಬಿಟ್ಟು ಹೋಗುತ್ತವೆ, ಪಾಲಿಶಿಗೆ ಅದೂ ಅಂಟಿನಷ್ಟೇ ಶತ್ರು.

ಬಿಸಿ ಮತ್ತು ದ್ರಾವಕ ಎರಡನ್ನೂ ಬಳಸುವ ಕೆಲಸವಾದ್ದರಿಂದ ಕ್ರಮ ತಪ್ಪಬಾರದು: ಡ್ರೈಯರ್ ಕೆಲಸ ಮುಗಿಸಿ, ಪ್ಲಗ್ ಕಿತ್ತು, ಆಮೇಲೆ ಟರ್ಪೆಂಟೈನ್ ಡಬ್ಬಿ. ಒದ್ದೆ ಹಲಗೆಗೆ ಮತ್ತೆ ಬಿಸಿಗಾಳಿ ಹಿಡಿಯಬೇಡಿ. ಥಿನ್ನರ್ ಮತ್ತು ಅಸಿಟೋನ್ ಆವಿ ಕೋಣೆಯ ಸಾಮಾನ್ಯ ಬಿಸಿಗೇ, ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಏಳುತ್ತದೆ. ನೆಲದುದ್ದಕ್ಕೆ ಹರಿದು ಪಕ್ಕದ ಕೋಣೆಯ ದೀಪವನ್ನೋ ಗ್ಯಾಸ್ ಒಲೆಯನ್ನೋ ತಲುಪಬಲ್ಲದು. ನೀಲಿ ನೈಟ್ರೈಲ್ ಗವಸು ಟರ್ಪೆಂಟೈನಿಗೆ ಸಾಕು, ಅಸಿಟೋನಿಗೆ ಬೇಗ ಸೋಲುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯದೆ, ಹೊರಗೆ ಹಗ್ಗದ ಮೇಲೆ ಬಿಡಿಸಿ ಹಾಕಿ ಪೂರ್ತಿ ಒಣಗಿದ ಮೇಲೆ ಕಸಕ್ಕೆ ಹಾಕಿ.