ಟೆಲಿ ಮಾನಸ್ 14416: ವೈದ್ಯಕೀಯ ವಿದ್ಯಾರ್ಥಿನಿಯೊಬ್ಬಳ ಅನುಭವ

ದಾವಣಗೆರೆಯಲ್ಲಿ ಎಂ.ಬಿ.ಬಿ.ಎಸ್. ಮೂರನೇ ವರ್ಷದಲ್ಲಿರುವ ನಾನು ಕಳೆದ ಇಂಟರ್ನಲ್ಸ್ ಪರೀಕ್ಷೆಯ ಸಮಯದಲ್ಲಿ ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ ಮಾನಸ್‌ಗೆ ಎರಡು ಬಾರಿ ಕರೆ ಮಾಡಿದ್ದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಈ ಸೇವೆ ಹಗಲುರಾತ್ರಿ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ.

ಎರಡು ವೈದ್ಯಕೀಯ ಕಾಲೇಜುಗಳಿರುವ ಊರಿನಲ್ಲಿ ಫೋನಿನ ಹಂಗೇಕೆ ಎಂದು ಯಾರಾದರೂ ಕೇಳಬಹುದು. ಮನೋವೈದ್ಯ ವಿಭಾಗದ ಓ.ಪಿ.ಡಿ.ಯಲ್ಲಿ ಕುಳಿತಿರುವವರು ನಾಳೆ ನನ್ನ ವೈವಾ ತೆಗೆದುಕೊಳ್ಳುವ ಅಧ್ಯಾಪಕರು. ಕೇಸ್ ಷೀಟ್ ಬರೆಯುವವರು ದಿನವೂ ಮೆಸ್ಸಿನಲ್ಲಿ ಎದುರಾಗುವ ಸೀನಿಯರ್. ಉಳಿದ ರೋಗಿಗಳಿಗೆ ಸಿಗುವ ಮರೆ ವೈದ್ಯಕೀಯ ವಿದ್ಯಾರ್ಥಿಗೆ ತನ್ನದೇ ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯ 2024ರ ವರದಿಯ ಪ್ರಕಾರ, ಸಮೀಕ್ಷೆಗೆ ಉತ್ತರಿಸಿದ ಪದವಿ ವಿದ್ಯಾರ್ಥಿಗಳಲ್ಲಿ ಶೇ. 27.8ರಷ್ಟು ಮಂದಿ ತಮಗೆ ಮಾನಸಿಕ ಆರೋಗ್ಯದ ತೊಂದರೆಯಿದೆ ಎಂದು ತಿಳಿಸಿದ್ದಾರೆ. ನಮ್ಮ ಬ್ಯಾಚಿನಲ್ಲಿ ಹಾಗೆಂದು ಬಾಯಿಬಿಟ್ಟವರನ್ನು ನಾನಿನ್ನೂ ಕಂಡಿಲ್ಲ. ನಾನೂ ಬಿಟ್ಟಿರಲಿಲ್ಲ.

ಕರೆ ಮಾಡುವ ಮೊದಲು ಖಿನ್ನತೆಯ ಮಟ್ಟ ಅಳೆಯುವ ಪಿ.ಎಚ್.ಕ್ಯೂ-9 ಪ್ರಶ್ನಾವಳಿಯ ಒಂಬತ್ತು ಪ್ರಶ್ನೆಗಳಿಗೆ ನಾನೇ ಅಂಕ ಹಾಕಿಕೊಂಡು, 27ಕ್ಕೆ 12 ಬಂದದ್ದನ್ನು ವಾರ್ಡಿನಲ್ಲಿ ಕೇಸ್ ಒಪ್ಪಿಸುವ ಧಾಟಿಯಲ್ಲಿಯೇ ಒಪ್ಪಿಸಿದೆ. ಆಪ್ತಸಮಾಲೋಚಕಿ ಎಲ್ಲವನ್ನೂ ಕೇಳಿ, "ಅದಿರಲಿ, ರಾತ್ರಿ ಊಟ ಮಾಡಿದ್ರಾ?" ಎಂದರು. ಮಧ್ಯಾಹ್ನದಿಂದ ಒಂದು ಪೊಟ್ಟಣ ಖಾರ ಮಂಡಕ್ಕಿ ಬಿಟ್ಟರೆ ನಾನು ಏನನ್ನೂ ತಿಂದಿರಲಿಲ್ಲ. ಮುಂದಿನ ಇಪ್ಪತ್ತು ನಿಮಿಷ ಮಾತು ನನ್ನ ನಿದ್ದೆ, ಊಟ ಮತ್ತು ಮನೆಗೆ ಫೋನ್ ಮಾಡದೆ ಕಳೆದ ದಿನಗಳ ಸುತ್ತಲೇ ನಡೆಯಿತು. ರೋಗಲಕ್ಷಣಗಳನ್ನೆಲ್ಲ ಇಂಗ್ಲಿಷಿನಲ್ಲಿ ಕಲಿತಿರುವ ನನಗೆ, "ಹೊಟ್ಟೆಯೊಳಗೆ ಸಂಕಟ ಆಗುತ್ತೆ" ಎಂದು ಕನ್ನಡದಲ್ಲಿ ಹೇಳಿದ ಮೇಲೆಯೇ ಅದು ನನ್ನ ಸಂಕಟ ಎನ್ನಿಸಿತು.

ಅಗತ್ಯವಿದ್ದರೆ ಕರೆಯನ್ನು ತಜ್ಞರಿಗೆ ವರ್ಗಾಯಿಸುವ ವ್ಯವಸ್ಥೆಯೂ ಇದೆ, ನನಗೆ ಬೇಕಾಗಲಿಲ್ಲ. ದೀರ್ಘ ಚಿಕಿತ್ಸೆ ಬೇಕಾದವರು ಕೊನೆಗೆ ವೈದ್ಯರೆದುರು ಕೂರಲೇಬೇಕು, ಫೋನ್ ಅಲ್ಲಿಯವರೆಗಿನ ದಾರಿ ಮಾತ್ರ.

ನಿಜವಾದ ತೊಡಕು ಇರುವುದು ಹಾಸ್ಟೆಲಿನಲ್ಲಿ. ಮೂವರು ಮಲಗುವ ಕೋಣೆಯಲ್ಲಿ ಇಂಥ ಮಾತಿಗೆ ಜಾಗವಿಲ್ಲದೆ ಮೊದಲ ಕರೆಯನ್ನು ರಾತ್ರಿ ಒಂದು ಗಂಟೆಗೆ ಮಹಡಿಯ ನೀರಿನ ಟ್ಯಾಂಕಿನ ಹಿಂದೆ ನಿಂತು, ಪಿಸುದನಿಯಲ್ಲಿ ಮುಗಿಸಿದ್ದೆ. ಎರಡನೆಯದನ್ನು ಸಂಜೆ ಕುಂದುವಾಡ ಕೆರೆಯ ಏರಿಯ ಮೇಲೆ ನಡೆಯುತ್ತಾ ಮಾಡಿದೆ. ವಾಕಿಂಗ್‌ಗೆ ಬಂದವರಲ್ಲಿ ಒಬ್ಬರೂ ನನ್ನತ್ತ ತಿರುಗಿ ನೋಡಲಿಲ್ಲ.